ಐದನೇ ಮೆಟ್ಟಿಲು

ಪಾಯ ತೆಗೆದ ದಿನ ಪಿಳ್ಳಪ್ಪ ಮಾತು ಕೊಟ್ಟ:
‘ಕಂಡಕ್ಟ್ರಮ್ಮ, ಯುಗಾದಿಗೆ ಹಾಲುಕ್ಕಿಸ್ತೀರ.’
ಯಾವ ಯುಗಾದಿ ಅಂತ ಕೇಳಬೇಕಿತ್ತು.
ಕೇಳಲಿಲ್ಲ. ಅಡ್ವಾನ್ಸು ಎಣಿಸುತ್ತಿದ್ದೆ.

ಕೋಲಾರದ ಅಂಚು. ಇಪ್ಪತ್ತು ಮೂವತ್ತರ ಸೈಟು.
ನಿಂತರೆ ಅಂತರಗಂಗೆ ಬೆಟ್ಟ ಕಾಣುತ್ತದೆ,
ಕೂತರೆ ಪಕ್ಕದವರ ಸಂಪು.
ಪಿ.ಎಫ್. ಸಾಲ, ಅಮ್ಮನ ಎರಡೆಳೆ ಸರ,
ಹತ್ತೊಂಬತ್ತು ವರ್ಷ ಬಸ್ಸಿನೊಳಗೆ ನಿಂತೇ ಇದ್ದ ಕಾಲು,
ಎಲ್ಲ ಸೇರಿ ಲಿಂಟಲ್ ಮಟ್ಟಕ್ಕೆ ಬಂತು.
ಅಲ್ಲಿಗೆ ನಿಂತಿತು.

‘ನಾಳೆ’ ಅಂದ.
ಕನ್ನಡದ ನಾಳೆಯನ್ನು ಇವಳು ನಂಬುವುದಿಲ್ಲ ಅಂತ
ಗೊತ್ತಾದ ಮೇಲೆ ತೆಲುಗಿಗೆ ತಿರುಗಿದ:
‘ರೇಪು ಅಕ್ಕಾ, ತಪ್ಪಕುಂಡಾ.’
ನಾನು ಚಿಕ್ಕವಳಿದ್ದಾಗ ಅಜ್ಜಿ ಬಾಗಿಲ ಮೇಲೆ
ಸುಣ್ಣದಲ್ಲಿ ಬರೆಸಿದ್ದಳು, ನಾಳೆ ಬಾ ಎಂದು.
ದೆವ್ವ ಬರಬೇಕು, ಓದಿಕೊಳ್ಳಬೇಕು, ಹಿಂದಿರುಗಬೇಕು.
ಪಾಪ, ಅದಕ್ಕೆಷ್ಟು ಕಾಲು ನೋಯುತ್ತಿತ್ತೋ.

ಡ್ಯೂಟಿ ಇಳಿದು, ಡಿಪೋದಲ್ಲಿ ಹಣ ಕಟ್ಟಿ,
ಖಾಕಿಯಲ್ಲೇ ಗೋಡೆಗೆ ನೀರು ಹೊಡೆಯುತ್ತಿದ್ದೆ.
ಕ್ಯೂರಿಂಗಿನ ಹುಡುಗ ಊರಿಗೆ ಹೋಗಿದ್ದಾನೆ,
ಅವನಜ್ಜಿ ತೀರಿಕೊಂಡಳಂತೆ.
ಅದೇ ಅಜ್ಜಿ, ಮೂರನೇ ಸಲ.
ಬಿಸಿಲುಂಡ ಇಟ್ಟಿಗೆಗೆ ನೀರು ಬಿದ್ದರೆ
ಸುಂಯ್ ಎನ್ನುತ್ತದೆ, ಟೈರಿನ ಗಾಳಿ ಸೋರಿದ ಹಾಗೆ.
ಪ್ರತಿ ಸಲವೂ ತಿರುಗಿ ಹಿಂದಿನ ಚಕ್ರ ಹುಡುಕಿದ್ದೇನೆ.

ಒಂದು ಮಂಗಳವಾರ, ಮುಳಬಾಗಿಲು ಶಟಲ್.
ವಡ್ಡಹಳ್ಳಿ ಗೇಟಿನ ಹತ್ತಿರ, ಟೊಮೆಟೊ ಕ್ರೇಟುಗಳ ಲಾರಿಯ ಹಿಂದೆ
ಬಸ್ಸು ತೆವಳುವಾಗ ಕಿಟಕಿಯಾಚೆ ನೋಡಿದೆ:
ಯಾರದೋ ಮನೆ, ಎರಡನೇ ಮಹಡಿ,
ಸಾರ್ವೆಯ ಮೇಲೆ ನನ್ನ ಗಾರೆಯವರು.
ಆ ನೀಲಿ ಪೈಪು ನನ್ನದು.
ಸೋರುವಲ್ಲಿ ಹಳೆ ಸೀರೆಯ ಅಂಚು ಬಿಗಿದದ್ದೂ ನಾನೇ.
ಊರಿಗೆ ಹೋಗಿದ್ದ ಹುಡುಗ ‘ಅಕ್ಕಾ!’ ಅಂತ
ಕೈ ಬೀಸಿದ, ಕಂಡ ಸಂತೋಷಕ್ಕೆ.
ನನ್ನ ಕೈಯೂ ಬೀಸಿಬಿಟ್ಟಿತು.
ಬೈಗುಳ ಗಂಟಲಿಗೆ ಬಂದಿತ್ತು ನಿಜ,
ಬಾಯಿಂದ ಹೊರಟದ್ದು ಮಾತ್ರ ‘ರೈಟ್, ರೈಟ್.’

ಮೋಲ್ಡಿನ ಕಂತಿನ ವಾಸನೆ ಹಿಡಿದು ಬಂದ.
ಮೋಲ್ಡಾಯಿತು, ಮೆಟ್ಟಿಲಾಯಿತು. ಹತ್ತಿದೆ.
ಒಂದು, ಎರಡು, ಮೂರು, ನಾಲ್ಕು,
ಐದರಲ್ಲಿ ಕಾಲು ತಡೆಯಿತು.
‘ಇದು ಎತ್ತರ.’
‘ಎಲ್ಲ ಆರಿಂಚೇ ಅಕ್ಕ. ನಿಮಗೆ ಬಸ್ಸಿನ ಅಭ್ಯಾಸ.’
ಟೇಪು ತಂದೆ. ಏಳೂವರೆ.
ಪಿಳ್ಳಪ್ಪ ಟೇಪನ್ನೇ ತಿರುಗಿಸಿ ನೋಡಿದ,
ಯಾವ ಕಂಪನಿಯದು ಎಂದು.
‘ಹತ್ತುತ್ತಾ ಹತ್ತುತ್ತಾ ಸರಿಹೋಗ್ತದೆ.’

ಸರಿಹೋಯಿತು, ಕಾಲು.

ಹಾಲು ಉಕ್ಕಿದ್ದು ದೀಪಾವಳಿ ಕಳೆದು.
ಬಂದ ನೆಂಟರೆಲ್ಲ ಐದರಲ್ಲಿ ಮುಗ್ಗರಿಸಿ
ಅಯ್ಯಯ್ಯೋ ಎನ್ನುತ್ತ ತಾರಸಿ ಮುಟ್ಟಿದರು.
ಕಣ್ಣು ಮಂಜಾದ ಚಿಕ್ಕಮ್ಮ ಅದನ್ನು ಹೊಸ್ತಿಲೆಂದುಕೊಂಡು
ಅರಿಶಿನ ಹಚ್ಚಿದಳು. ಅಳಿಸಲು ಮನಸ್ಸಾಗಲಿಲ್ಲ.

ಕೊನೆ ಬಿಲ್ಲಿಗೆ ಅವನು ಬಂದದ್ದು ಕರೆಂಟು ಹೋದ ಸಂಜೆ.
ಮೇಲೆ ಬಟ್ಟೆ ತೆಗೆಯುತ್ತಿದ್ದೆ. ‘ಬಾಪ್ಪ, ಮೇಲಿದ್ದೀನಿ’ ಅಂದೆ.
ಚಪ್ಪಲಿ ಸದ್ದು. ಒಂದು, ಎರಡು,
ಕೈಯಲ್ಲಿ ಕ್ಲಿಪ್ಪು ಹಿಡಿದು ನಿಂತೆ, ಮೂರು, ನಾಲ್ಕು,
ಧಡ್.
‘ಯಾವನಕ್ಕಾ ಇದನ್ನ ಕಟ್ಟಿದ್ದು?’

ಟಾರ್ಚು ಹಾಕಿದೆ. ಮುಖಕ್ಕೆ ಹಾಕಲಿಲ್ಲ, ಮೆಟ್ಟಿಲಿಗೆ ಹಾಕಿದೆ.
ಮೊಣಕಾಲು ಉಜ್ಜಿಕೊಳ್ಳುತ್ತ ಅವನೂ ನೋಡಿದ,
ಅರಿಶಿನ ನೋಡಿ ಸ್ವಲ್ಪ ಗೊಂದಲಪಟ್ಟ.

ನೋಟು ಎಣಿಸಿ ಕೊಟ್ಟೆ. ಅವನೂ ಎಣಿಸಿದ.
‘ನಾಲ್ಕು ಸಾವಿರ ಕಮ್ಮಿ ಅಕ್ಕ.’
‘ಚಿಲ್ಲರೆ ಇಲ್ಲ’ ಅಂದೆ,
ಬ್ಯಾಗಿನ ಹಳೆ ಟಿಕೆಟ್ಟಿನ ಬೆನ್ನಿಗೆ
ನಾಲ್ಕು, ಮೂರು ಸೊನ್ನೆ ಬರೆದು ಸುತ್ತ ಗೆರೆ ಎಳೆದೆ.
‘ಇಳಿಯುವಾಗ ಕೇಳು.’

ಕಿವಿಯ ಪೆನ್ಸಿಲ್ಲಿನ ಜೊತೆ ಟಿಕೆಟ್ಟನ್ನೂ ಸಿಕ್ಕಿಸಿಕೊಂಡು
ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದ.
ಕತ್ತಲೊಳಗಿಂದ ದನಿ ಬಂತು:
‘ರೇಪು ಬಂದು ಒಡೆದು ಕಟ್ಟಿಸ್ತೀನಿ ಅಕ್ಕಾ.’

‘ರೈಟ್’ ಅಂದೆ.