ಮಂಡಗದ್ದೆ ದಾಟಿದ ಮೇಲೆ

ಹುಚ್ಚರಾಯಪ್ಪ ಫೋನನ್ನು ಮೇಜಿನ ಮೇಲೆ ಇಟ್ಟದ್ದು
ಮಗುವನ್ನು ತಕ್ಕಡಿಯಲ್ಲಿ ಮಲಗಿಸಿದ ಹಾಗೆ.
'ಊರೊಳಗೆ ಏನೂ ತೊಂದ್ರೆ ಇಲ್ಲಮ್ಮ.
ಮಂಡಗದ್ದೆ ದಾಟಿದ್ರೆ ಮುಗೀತು, ಕಿವುಡು.
ಆಂಬುಲೆನ್ಸ್ ಓಡಿಸೋನು ನಾನು.
ಮೊನ್ನೆ ಮಾಳೂರಿನ ತಿರುವಿನಲ್ಲಿ
ಯಾರೋ ಕರೀತಾನೇ ಇದ್ರಂತೆ.'

ಯಾರು, ಆಮೇಲೆ ಏನಾಯಿತು,
ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.

ದುರ್ಗಿಗುಡಿಯ ಈ ಆರಡಿ ಅಂಗಡಿಯಲ್ಲಿ
ಬಿಸಿಗಾಳಿ ಊದುವ ಯಂತ್ರ, ಸೂಕ್ಷ್ಮದರ್ಶಕ, ನಾನು,
ಮೂಲೆಯ ಸ್ಟೂಲಿನಲ್ಲಿ ಸಿಲ್ವೆಸ್ಟರ್ ಮಾಮ,
ಮೇಜಿನ ಕಾಲಿಗೆ ಒರಗಿದ ಹಿತ್ತಾಳೆ ಡಬ್ಬ:
ಸತ್ತ ಬಿಡಿಭಾಗಗಳ ಹುಂಡಿ.

ಒಂದು ಕಾಲಕ್ಕೆ ಇಂಥವು ಆರು
ಅರಣ್ಯ ಇಲಾಖೆಯ ವೈರ್‌ಲೆಸ್ ಗುಡ್ಡದ ಮೇಲೆ ಸಾಲಾಗಿ ನಿಂತಿದ್ದವು.
ಮೊಳದುದ್ದ, ಒಳಗೆ ಬೆಳ್ಳಿಯ ಲೇಪ.
ಇದ್ದದ್ದು ಒಂದೇ ಆಂಟೆನಾ,
ಆಡುವ ಬಾಯಿ ಅದೇ, ಆಲಿಸುವ ಕಿವಿ ಅದೇ.
ತನ್ನ ಕೂಗಿಗೆ ತಾನೇ ಕಿವುಡಾಗದ ಹಾಗೆ
ನಡುವೆ ಕಾವಲು ಈ ಡಬ್ಬಗಳದ್ದು.
ಮೇಲಿನ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ
ಮಾಮ ಉಸಿರು ಹಿಡಿದು ಮುಳ್ಳು ನೋಡುತ್ತಿದ್ದರಂತೆ.
'ಅರ್ಧ ಸುತ್ತು ಹೆಚ್ಚಾಯ್ತೋ, ರುಕಿಯಾ,
ಇಡೀ ರೇಂಜು ಮೂಕ.'

ಫೋನಿನ ತಗಡು ಎಬ್ಬಿಸಿದೆ.
ಎಳ್ಳಿಗಿಂತ ಸಣ್ಣದು, ಒಂದು ಮೂಲೆಯಲ್ಲಿ ಬಿರುಕು.
ಎಲ್ಲೋ ಬೀಳಿಸಿದ್ದಾನೆ, ಒಪ್ಪುವುದಿಲ್ಲ.
ಊರಿನ ಗೋಪುರಗಳು ನಾಲ್ಕಾರು ದನಿಯಲ್ಲಿ ಕೂಗುತ್ತವೆ,
ಒಂದು ಕೇಳದಿದ್ದರೆ ಇನ್ನೊಂದು.
ಕಾಡಿನೊಳಕ್ಕೆ ತಲುಪುವುದು
ಮಂದ್ರದ ಆ ಒಂದೇ ದನಿ.
ಬಿರುಕು ಬಿಟ್ಟದ್ದು ಅದರ ಬಾಗಿಲು.

'ಮೊಳದುದ್ದದ ಕೆಲಸ ಎಳ್ಳಿನೊಳಗೆ ಹೇಗಮ್ಮ ಹಿಡೀತು?'

ಹೇಳಲು ನೋಡಿದೆ.
ಒಳಗೊಂದು ಹರಳಿನ ಚೂರು.
ಗಾಳಿಯಲ್ಲಿ ಬಂದದ್ದು ಹರಳಿಗೆ ತಾಗಿದೊಡನೆ
ನಡುಕವಾಗುತ್ತದೆ, ಸದ್ದಾಗುತ್ತದೆ,
ನಿಜವಾದ ಸದ್ದು, ಯಾವ ಕಿವಿಗೂ ನಿಲುಕದ್ದು.
ಬೆಳಕಿನ ಜೊತೆ ಓಡುತ್ತಿದ್ದದ್ದು
ಲಕ್ಷ ಪಟ್ಟು ನಿಧಾನವಾಗಿ
ಕಲ್ಲಿನ ಮೈಮೇಲೆ ನಡೆಯತೊಡಗುತ್ತದೆ.
ನಿಧಾನವಾದ್ದಕ್ಕೇ ಹೆಜ್ಜೆ ಗಿಡ್ಡ.
ಹೆಜ್ಜೆ ಗಿಡ್ಡವಾದ್ದಕ್ಕೇ ಅಂಗಳ ಇಷ್ಟು ಸಾಕು.
ಲೋಹದ ಬಾಚಣಿಗೆಯೊಂದು ಅಡ್ಡ ಮಲಗಿದೆ,
ಹಲ್ಲಿನ ಸಂದಿಗೆ ಹೆಜ್ಜೆ ಕೂಡಿದ್ದು ದಾಟುತ್ತದೆ.
ಉಳಿದವು ತಮ್ಮತಮ್ಮಲ್ಲೇ ಹೊಡೆದಾಡಿ ಆರುತ್ತವೆ.

'ನಿಧಾನ ಹೋದ್ರೆ ಜಾಗ ಕಮ್ಮಿ ಸಾಕು ಅಂತೀರಿ.'
ಆಂಬುಲೆನ್ಸಿನವನಿಗೆ ಇದು ರುಚಿಸಲಿಲ್ಲ.
ಎರಡನೇ ಟೀಗೆ ಎದ್ದು ಹೋದ.

ತುಂಗೆಗೆ ಬಿದ್ದು ಸತ್ತ ಫೋನಿನಿಂದ
ಕಿತ್ತಿಟ್ಟುಕೊಂಡ ಇನ್ನೊಂದಿತ್ತು.
ಫ್ಯಾನು ಆರಿಸಿದೆ. ಸೀನಿದರೆ ಹೋಯಿತು.
ಚಿಮಟದ ತುದಿಯಲ್ಲಿ ಅದನ್ನು ಒಯ್ಯುವಾಗ
ಉಸಿರು ಹಿಡಿದದ್ದು ಗೊತ್ತಾಯಿತು;
ಮಾಮನೂ ಹಿಡಿದಿದ್ದರು, ಸುಮ್ಮನೆ ಕೂತಲ್ಲೇ.
ಬಿಸಿಗೆ ಬೆಸುಗೆ ಕರಗಿ ಮಿನುಗಿತು.
ಸೊಟ್ಟ ಇಟ್ಟಿದ್ದೆ.
ತಾನಾಗಿ ಒಂದಿಷ್ಟು ಸರಿದು
ತನ್ನ ಜಾಗದಲ್ಲಿ ಕೂತಿತು.
ಈ ಕೆಲಸದಲ್ಲಿ ನನಗೆ ಇಷ್ಟವಾದದ್ದು ಅದೊಂದೇ ಗಳಿಗೆ.

ಬೇರೆ ದನಿಗಳನ್ನೆಲ್ಲ ಮುಚ್ಚಿ
ಆ ಒಂದಕ್ಕೆ ಫೋನನ್ನು ಕಟ್ಟಿದೆ.
ಒಂದು ಕಡ್ಡಿ ಬಂತು. ಹೋಯಿತು. ಎರಡಾಗಿ ಬಂತು.
ಹುಚ್ಚರಾಯಪ್ಪ ಕಂಟ್ರೋಲ್ ರೂಮಿಗೆ ಹಚ್ಚಿದ.
ಅವಳು 'ಎಲ್ಲಿದ್ದೀರಿ' ಅನ್ನುವಾಗಲೇ
ಇವನು 'ಕೇಳ್ತಿದೆಯಾ' ಅಂದ.
ಇಬ್ಬರೂ ಒಟ್ಟಿಗೆ, ಒಬ್ಬರ ಮೇಲೊಬ್ಬರು,
ಸಂತೆಯಲ್ಲಿ ಸಿಕ್ಕ ನಾದಿನಿಯರ ಹಾಗೆ,
ಆದರೂ ಇಬ್ಬರಿಗೂ ಕೇಳಿಸಿತು.

'ನಮ್ಮ ಸೆಟ್ಟಲ್ಲಿ ಇದಾಗ್ತಿರಲಿಲ್ಲ,' ಮಾಮ ಗೊಣಗಿದರು.
'ಓವರ್ ಅನ್ನಬೇಕಿತ್ತು. ಆಮೇಲೆ ಕಾಯಬೇಕಿತ್ತು.'

ನಾನೂರೈವತ್ತು ರೂಪಾಯಿ ಎಣಿಸಿ ಕೊಟ್ಟು
ಬಾಗಿಲಲ್ಲಿ ಒಂದು ಕ್ಷಣ ನಿಂತ.
'ಮಾಳೂರಿನ ಆ ತಿರುವಿಗೆ
ಇವತ್ತು ಒಂದ್ಸಲ ಹೋಗಿ ನೋಡ್ಕೊಂಡು ಬರ್ತೀನಿ' ಅಂದ.
ಹೋದ, ಸೈರನ್ ಹಾಕದೆ.

ಒಡೆದದ್ದನ್ನು ಡಬ್ಬದ ತೂತಿಗೆ ಹಾಕಿದೆ.
ಕಿವಿಗೊಟ್ಟೆ. ಏನೂ ಸದ್ದಿಲ್ಲ.
'ಆಗೋದಿಲ್ಲ,' ಅಂದರು ಮಾಮ ಕಣ್ಣು ಮುಚ್ಚಿಕೊಂಡೇ.
'ಇದು ನೂರ ಅರವತ್ತರದ್ದು. ಅದು ಒಂಬೈನೂರರದ್ದು.
ಅವೆರಡಕ್ಕೂ ಮಾತಿಲ್ಲ.'