ಹದಿನೇಳನೇ ಫ್ಯಾನಿನ ಕೆಳಗೆ

ಬೆಟಗೇರಿಯಲ್ಲಿ ಸತ್ತ ಕೋಳಿಮರಿ ಕೇಳಿದರೆ
ಅಂಗಡಿಯ ಖಾಜೇಸಾಬ ಮುಖ ನೋಡುತ್ತಾನೆ.
"ಸತ್ತದ್ದಾ? ತಿನ್ನಾಕಾ?"
ಅಲ್ಲ, ಎಣಿಸಾಕ.

ಇಪ್ಪತ್ತು ಮರಿ. ಕಾಲಿಗೆ ದಾರ, ದಾರಕ್ಕೆ ನಂಬರು.
ಗುಡ್ಡದ ಅಂಚಿನ ದಿನ್ನೆಯಲ್ಲಿ
ಹದಿನೇಳನೇ ಫ್ಯಾನಿನ ಕೆಳಗೆ, ಹುಲ್ಲಿನೊಳಗೆ ಇಟ್ಟು ಬರುವುದು.
ನಾಯಿ, ನರಿ ಎಷ್ಟು ದಿನಕ್ಕೆ ಒಯ್ದವು, ಬರೆದುಕೊಳ್ಳುವುದು.
ಒಂಬತ್ತು ವರ್ಷದ ಅನುಭವಕ್ಕೆ ಈ ಕೆಲಸ:
ಕೆಳಗೆ ಇಬ್ಬರು ಹುಡುಗರು, ಮೇಲೆ ಮೂವರು ಸಾಹೇಬರು,
ಅದಕ್ಕೂ ಮೇಲೆ
ರೆಕ್ಕೆ.

ಕುರಿ ಹೊಡೆದುಕೊಂಡು ಬಂದ ಮಾಳವ್ವ ಕೋಲೂರಿ ನಿಂತಳು.
"ಯವ್ವಾ, ಇದ್ದ ಹೆಣಾ ಸಾಲದಂತ ತಂದೂ ಹಾಕ್ತಿಯೇನ?"

ಹೇಳಿದೆ: ನನಗೆ ಸಿಕ್ಕಿದ್ದು ಒಂದಾದರೆ
ಸಿಗದೇ ಹೋದದ್ದು ಮೂರು ಚಿಲ್ಲರೆ.
"ಚಿಲ್ರಿ ಅಂದ್ರ? ತಲೀನೋ, ಪುಕ್ಕಾನೋ?"

ಅವತ್ತು ಸಿಕ್ಕಿದ್ದು ಒಂದು ಬಾವಲಿ,
ಹೆಬ್ಬೆರಳಷ್ಟು. ಗಾಯವೇ ಇಲ್ಲ.
ಮೂಗಿನ ತುದಿಗೆ ಒಂದು ಹನಿ, ಒಣಗಿತ್ತು.
ಬುತ್ತಿಯ ಪಕ್ಕ ಐಸಿನಲ್ಲಿಟ್ಟು ಹುಬ್ಬಳ್ಳಿಗೆ ತಂದೆ.

ವಿದ್ಯಾನಗರದ ಆಫೀಸಿನಲ್ಲಿ ಕಡಕೋಳ ಸರ್
ಆ ಕೋಷ್ಟಕವನ್ನು ಅನುಬಂಧಕ್ಕೆ ತಳ್ಳಿದರು.
ಸಿಟ್ಟಿಲ್ಲ, ಚಹಾ ಕೂಡ ತರಿಸಿದರು.
"ಪರಿಣಾಮ ಅಲ್ಪ ಅಂತ ಬರೀರಿ. ಸುಳ್ಳೇನಲ್ಲಲಾ."

ಸುಳ್ಳಲ್ಲ. ಬರೆದೆ.
ಚಿಲ್ಲರೆಯನ್ನು ಮಾತ್ರ ಅಳಿಸಲಿಲ್ಲ:
ನೂರಾ ಹನ್ನೆರಡನೇ ಪುಟ, ಅಡಿಟಿಪ್ಪಣಿ, ಇರುವೆಯಂಥ ಅಕ್ಷರ.
ಓದುವವರು ಬಗ್ಗಬೇಕು,
ನಾನು ಹುಲ್ಲಿಗೆ ಬಗ್ಗುವ ಹಾಗೆ.

ರಾತ್ರಿ ಫ್ರಿಜ್ಜು ತೆರೆದು ಹಾಲು ಹುಡುಕುತ್ತ ಅತ್ತೆ,
"ಈ ಡಬ್ಬ್ಯಾಗ ಏನೈತವಾ?"
ಒಲೆಯ ಕಡೆ ತಿರುಗಿಕೊಂಡೇ ಅಂದೆ,
ಇನ್ನೂ ಹೆಸರು ಗೊತ್ತಾಗಿಲ್ಲ.