ಕೊನೆ ಭಾಗ

ಸಿರವಾರ ರಸ್ತೆಯ ವೇ ಬ್ರಿಜ್ಜಿನ ಮೇಲೆ
ಭತ್ತದ ಲಾರಿ ನಿಂತು ಅರ್ಧ ತಾಸು.
ತೂಕ ಇದೆ, ಅಂಕಿ ಇಲ್ಲ.
ಪರದೆಯ ಮೂಲೆಯಲ್ಲಿ ಅದೇ ಒಂದು ಸಾಲು:
ಈ ಸಾಧನದ ಗುರುತು ಸಿಗುತ್ತಿಲ್ಲ.

ನಾಲ್ಕು ಬಾಯಿಯ ಯುಎಸ್‌ಬಿ ಹಬ್ಬು,
ತೀನ್ ಕಂದೀಲ್ ಹತ್ತಿರ ಇನ್ನೂರಾ ಎಂಬತ್ತಕ್ಕೆ ತಂದದ್ದು.
ಕಿತ್ತೆ, ಊದಿದೆ, ದುಪಟ್ಟಾ ಅಂಚಲ್ಲಿ ಒರೆಸಿ ಚುಚ್ಚಿದೆ,
ಹಿಂದಿನ ತೂತು, ಮುಂದಿನ ತೂತು,
ಕಂಪ್ಯೂಟರು ಆರಿಸಿ ಮತ್ತೆ ಹೊತ್ತಿಸಿದೆ.
ಹಳದಿ ತ್ರಿಕೋನ ಕದಲಲಿಲ್ಲ.
ಹಬ್ಬಿನ ನೀಲಿ ದೀಪ ಮಾತ್ರ
ತೂಕಡಿಸುವವರ ಕಣ್ಣಿನಂತೆ
ಬಿಟ್ಟು ಮುಚ್ಚಿ, ಬಿಟ್ಟು ಮುಚ್ಚಿ.

"ಅಂದಾಜಿನ ಮ್ಯಾಲ ಬರ್ದು ಕೊಡಕ್ಕಾ" ಅಂದ ಡ್ರೈವರು.
ಅಂದಾಜಿಗೆ ಚೀಟಿ ಇಲ್ಲ ಅಂದೆ.

ಕಿಟಕಿಯಾಚೆ ಯಂಕೋಬಜ್ಜ,
ಮೂವತ್ತು ವರ್ಷ ಕಾಲುವೆಯ ನೀರಗಂಟಿ, ಈಗ ಇಲ್ಲಿ ವಾಚ್‌ಮನ್,
ಬೀಡಿ ಕಿವಿಗೆ ಸಿಕ್ಕಿಸಿ ಕೇಳಿದ:
"ಒಂದು ತೂಬಿಗೆ ಎಷ್ಟು ಮಂದಿ ಅದಾರ, ಶಾಹೀನ?"

ಎಣಿಸಿದೆ. ತೂಕದ ವಯರು, ಪ್ರಿಂಟರು, ನನ್ನ ಫೋನು,
ಮತ್ತೆ ಕುತ್ತಿಗೆಗೆ ಬೀಸುವ ಅಂಗೈಯಷ್ಟು ಫ್ಯಾನು.

"ಮ್ಯಾಲಿನವ್ರೇ ಎಳಕಂಡ್ರ
ಕೊನೀ ಭಾಗಕ್ಕ ಏನು ಬರ್ತದ? ಹಸಿ ಮಣ್ಣು."

ಫೋನು ಬಿಚ್ಚಿದೆ. ಏನೂ ಆಗಲಿಲ್ಲ.
ಫ್ಯಾನಿಗೆ ಕೈ ಬರಲಿಲ್ಲ, ಮೇ ತಿಂಗಳು,
ತಗಡಿನ ಕೋಣೆ, ನಲವತ್ಮೂರು ಡಿಗ್ರಿ.
ಬಿಚ್ಚಿದೆ.

ಗಂಟಲು ಸರಿ ಮಾಡಿಕೊಂಡಂತೆ
ಟುಣುಕ್ ಅಂದಿತು ಕಂಪ್ಯೂಟರು.
ಇಪ್ಪತ್ತೆಂಟು ಸಾವಿರದ ಆರುನೂರಾ ನಲವತ್ತು.

ಲಾರಿ ಇಳಿಯಿತು. ಬೆನ್ನಲ್ಲಿ ಬೆವರೂ ಇಳಿಯುತ್ತಿತ್ತು.
"ಅಜ್ಜ, ನಿನ್ನ ಕಾಲದಾಗ
ಮ್ಯಾಲಿನವ್ರು ಬಿಡ್ತಿದ್ರಾ?"

ಅವನು ಬೀಡಿ ಹಚ್ಚಿದ.